ಓಡುಚಂದ್ರ ಇಳಿಯುವ ಲೆಕ್ಕ

ಕೆಂಬಯಲು, ಮಂಗಳ ಗ್ರಹ
ನೆಲೆ ನಿಂತ ೧೩೮ನೆಯ ವರ್ಷ, ೬೧೨ನೆಯ ದಿನ

ಭೂಮಿಯ ಹಿರಿಯರಿಗೆ ನೀಲವ್ವ ಹೊಸೂರ ಮಾಡುವ ಶರಣು.

ವರ್ಷದಲ್ಲಿ ಆರುನೂರ ಹನ್ನೆರಡನೆಯ ದಿನ ಎಲ್ಲಿಂದ ಬಂತೆಂದು ನೀವು ಹುಬ್ಬೇರಿಸಬಹುದು. ನಮ್ಮ ವರ್ಷ ಅಷ್ಟು ಉದ್ದ. ನನ್ನ ಮಾತಿನಲ್ಲಿ ನಿಮಗೆ ಒಗ್ಗದ ಪದಗಳಿದ್ದರೆ ಮನ್ನಿಸಿ; ಇಲ್ಲಿಗೆ ಬಂದ ಮೇಲೆ ಕನ್ನಡಕ್ಕೆ ಹೊಸ ಹೆಸರುಗಳು ಬೇಕಾದವು. ನೀವು ಫೋಬೋಸ್ ಎನ್ನುವ ಉಪಗ್ರಹ ನಮಗೆ ಓಡುಚಂದ್ರ. ಅದು ಪಡುವಣದಲ್ಲಿ ಹುಟ್ಟಿ ಮೂಡಣಕ್ಕೆ ಓಡುತ್ತದೆ. ಗಾಜಿನ ಚಾವಣಿಯಡಿ ನಾವು ಆಲೂಗಡ್ಡೆ, ಮೆಂತ್ಯೆ, ಹೆಸರು ಬೆಳೆಯುವ ಕಟ್ಟಡ ಹಸಿರುಮನೆ. ಉಣ್ಣುವ ಅನ್ನವಷ್ಟೇ ಅಲ್ಲ, ಉಸಿರಾಡುವ ಗಾಳಿಯೂ ಆ ಎಲೆಗಳದೇ. ನಾನು ಶಾಲೆಯಲ್ಲಿ ಆಕಾಶದ ಪಾಠ ಹೇಳುವವಳು.

ಹೋದ ವರ್ಷ ಮಕ್ಕಳಿಗೆ “ಓಡುಚಂದ್ರ ಇಳಿಯುತ್ತಿದೆ” ಎಂದು ಬರೆಸಿದೆ. ಎಷ್ಟು ನಿಧಾನವಾಗಿ ಎಂಬುದನ್ನು ಮರುದಿನಕ್ಕೆ ಉಳಿಸಿದೆ. ತಪ್ಪು ನನ್ನದೇ. ಸಂಜೆಯೊಳಗೆ ಆ ಸಾಲು ಮನೆಮನೆ ತಿರುಗಿ, ಐದು ವರ್ಷದಲ್ಲಿ ಊರ ಮೇಲೆ ಬೀಳುತ್ತದೆ ಎಂದಾಯಿತು. ನಲವತ್ತು ಕುಟುಂಬಗಳು ಹಳೆಯ ಸುರಂಗ ಸೇರಿದವು. ಆಳಿಲ್ಲದೆ ಹಸಿರುಮನೆ ಬಾಡತೊಡಗಿತು.

ಊರಿನ ಹಿರಿಯ ಸಂಗನಬಸಪ್ಪನವರು ನನ್ನನ್ನು ಕರೆಸಿದರು. “ಯವ್ವಾ, ಬೀಳೂದಿಲ್ಲ ಅಂತ ಒಂದ್ ಮಾತು ಹೇಳಿಬಿಡು. ಎಲ್ಲಾರೂ ಹೊರಗ ಬರ್ತಾರ.”

“ಸುಳ್ಳು ಹೇಳಿ ಕರಕೊಂಡ ಬಂದ್ರ, ನಾಳೆ ಇನ್ನೊಬ್ಬ ಸುಳ್ಳು ಹೇಳಿ ಕರಕೊಂಡ ಹೋಗ್ತಾನರೀ,” ಎಂದೆ.

ಸುರಂಗದ ಬಾಯಲ್ಲಿ ಹಸಿರುಮನೆಯಲ್ಲಿ ದುಡಿಯುತ್ತಿದ್ದ ಶಂಕ್ರವ್ವ ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ನನ್ನನ್ನು ತಡೆದಳು. “ಬೀಳತೈತೋ ಇಲ್ಲೋ? ಅಷ್ಟ ಹೇಳು.”

“ಬೀಳತೈತಿ.”

ಒಳಗೆ ಗುಜುಗುಜು ಎದ್ದಿತು. ನಾನು ದನಿ ಏರಿಸಿದೆ. “ಭೂಮಿ ಲೆಕ್ಕದಾಗ ನೂರು ವರ್ಷಕ್ಕ ಒಂದಾಳೆತ್ತರ ಇಳೀತದ. ಅದು ಇರೂದು ಆರು ಸಾವಿರ ಕಿಲೋಮೀಟರ್ ಮ್ಯಾಲ. ಬೀಳಾಕ ಇನ್ನೂ ಕೋಟಿಗಟ್ಟಲೆ ವರ್ಷ ಬೇಕು.”

“ನೀ ಹೇಳಿದ್ದು ನಂಬಿನ ಇಲ್ಲಿಗೆ ಬಂದೀವಿ,” ಎಂದಳು ಶಂಕ್ರವ್ವ. “ಈ ಸಲ ಅಳದು ತೋರಸು.”

ಅವಳ ಮಾತು ನ್ಯಾಯವಾಗಿತ್ತು. ಓಡುಚಂದ್ರ ಸೂರ್ಯನ ಮುಂದೆ ಹಾದುಹೋಗುವ ಕಾಲ ಹತ್ತಿರವಿತ್ತು. ಅದು ನಿಜಕ್ಕೂ ಬೇಗ ಇಳಿಯುತ್ತಿದ್ದರೆ ವೇಗ ಹೆಚ್ಚಿ ಲೆಕ್ಕದ ಗಳಿಗೆಗಿಂತ ಮೊದಲೇ ಬರಬೇಕು. ಅದು ಹಿಂದೆ ಹಾದುಹೋದಾಗ ನಮ್ಮ ಅಜ್ಜಂದಿರು ಬರೆದಿಟ್ಟ ಸಮಯಗಳನ್ನು ಹಿಡಿದು ಲೆಕ್ಕ ಹಾಕಿ, ಬರುವ ಗಳಿಗೆಯನ್ನು ಸೆಕೆಂಡಿನವರೆಗೆ ಸುರಂಗದ ಗೋಡೆಯ ಮೇಲೆ ಬರೆದೆ. ಒಂಬತ್ತು ದಿನ ಎಲ್ಲರೂ ಅದನ್ನು ನೋಡಿದರು.

ಹತ್ತನೆಯ ದಿನ ಮಧ್ಯಾಹ್ನ ಸುರಂಗದವರನ್ನು ಕರೆದು ಹಸಿರುಮನೆಯಲ್ಲಿ ಬಿಳಿ ಬಟ್ಟೆ ಕಟ್ಟಿ, ತಗಡಿನ ಸಣ್ಣ ತೂತಿನಿಂದ ಸೂರ್ಯನ ಬಿಂಬ ಬೀಳಿಸಿದೆವು. ಗಡಿಯಾರ ಶಂಕ್ರವ್ವನ ಕೈಯಲ್ಲಿತ್ತು. ಅವಳೇ ಗಟ್ಟಿಯಾಗಿ ಎಣಿಸಿದಳು. ಗೋಡೆಯ ಮೇಲಿದ್ದ ಸೆಕೆಂಡಿಗೇ ಬಿಂಬದ ಅಂಚು ಕಚ್ಚಿದಂತಾಯಿತು; ಅರ್ಧ ನಿಮಿಷದಲ್ಲಿ ಕಪ್ಪು ತುಣುಕು ದಾಟಿಹೋಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಶಂಕ್ರವ್ವ ಕೂಸನ್ನು ನನ್ನ ಕೈಗಿತ್ತು ಮೆಂತ್ಯೆಯ ಮಡಿಗೆ ನೀರು ಬಿಡಲು ಹೋದಳು.

ಮೂವತ್ತೊಂದು ಕುಟುಂಬಗಳು ಅಂದೇ ಮರಳಿದವು. ಒಂಬತ್ತು ಇನ್ನೂ ಸುರಂಗದಲ್ಲೇ ಇವೆ. ಗಡಿಯಾರ ಹಿಡಿದು ನಾನು ಅವರಲ್ಲಿಗೆ ಹೋಗುತ್ತಲೇ ಇದ್ದೇನೆ, ಹೋಗುತ್ತಲೇ ಇರುತ್ತೇನೆ.

ಹಿರಿಯರೇ, ಆಕಾಶದ ವಿಷಯವನ್ನು ಜನರಿಗೆ ಅರ್ಧ ಹೇಳಿ ಏಳಬೇಡಿ. ಹೆದರುತ್ತಾರೆಂದು ಮುಚ್ಚಿಡಲೂ ಬೇಡಿ. ಪೂರ್ತಿ ಹೇಳಿ, ಅಳೆಯುವ ಸಾಧನವನ್ನು ಅವರ ಕೈಗೇ ಕೊಡಿ. ಅವರು ಅಳೆದು ಮುಗಿಸುವವರೆಗೆ ಪಕ್ಕದಲ್ಲಿ ನಿಂತಿರಿ.