ಅಮ್ಮ ಕೊಟ್ಟ ಒಂದು ನಕ್ಷತ್ರ

ಲೋ ತಮ್ಮಾ,

ನೀನಿದ್ದಾಗ ನಿನಗೆ ಪತ್ರ ಬರೆಯುವ ಪ್ರಮೇಯವೇ ಬರಲಿಲ್ಲ. ಏನಾದರೂ ಹೇಳಬೇಕಿದ್ದರೆ ನನ್ನ ಬೇಸ್ ಗಿಟಾರಿನ ತುದಿಯಿಂದ ನಿನ್ನ ಬೆನ್ನಿಗೆ ತಿವಿದರೆ ಸಾಕಿತ್ತು. ಈಗ ತಿವಿಯಲು ಬೆನ್ನಿಲ್ಲ, ಅದಕ್ಕೆ ಪೆನ್ನು ಹಿಡಿದಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ನಿನ್ನ ಗುಣಗಾನ ಇಲ್ಲ. ಆ ಕೆಲಸವನ್ನು ಊರವರು ಸಾಕಷ್ಟು ಮಾಡುತ್ತಿದ್ದಾರೆ.

ನಮ್ಮ ಬ್ಯಾಂಡಿನ "ಮಹಡಿ ಮೇಲೆ ಬಿಸಿಲು" ಆಲ್ಬಮ್‌ನ ಕೆಳಗೆ ಕೇಳುಗರು ನೆಟ್ಟಿನಲ್ಲಿ ಇನ್ನೂ ಅಭಿಪ್ರಾಯ ಬರೆಯುತ್ತಲೇ ಇದ್ದಾರೆ. ನೀನು ಆಸ್ಪತ್ರೆಯಲ್ಲಿದ್ದಾಗ, ನಾನು ಶಾಲೆಯ ವ್ಯಾನಿನ ಬೆಳಗಿನ ಟ್ರಿಪ್ಪು ಮುಗಿಸಿ ಬರುವುದನ್ನೇ ಕಾಯುತ್ತಿದ್ದೆಯಲ್ಲ, ಹೊಸದೇನು ಬಂದಿದೆ ಓದು ಎಂದು ಕೈಸನ್ನೆ ಮಾಡುತ್ತಿದ್ದೆಯಲ್ಲ. ಒಬ್ಬಾಕೆ ಬರೆದಿದ್ದಳು, ಈ ಹಾಡುಗಳನ್ನು ಹಾಕಿಕೊಂಡು ನೆಲ ಒರೆಸಿದರೆ ಮೂರು ಕೋಣೆ ಮುಗಿದದ್ದೇ ಗೊತ್ತಾಗುವುದಿಲ್ಲ ಎಂದು. ಅದನ್ನು ನೀನು ನರ್ಸಮ್ಮನಿಗೂ ತೋರಿಸಿದೆ. ಇನ್ನೊಬ್ಬ ಮಹಾಶಯನ ಪ್ರಕಾರ ನಮ್ಮ ಪಲ್ಲವಿಗಳನ್ನು ಮೊದಲ ಸಲ ಕೇಳಿದರೆ ಬಾಯಿ ಸಿಹಿಯಾಗುತ್ತದೆ, ಮೂರನೇ ಸಲ ಹಲ್ಲು ಹುಳುಕಾಗುತ್ತದೆ. ನನಗೆ ಮೈ ಉರಿದುಹೋಯಿತು. ನೀನು ಮಾತ್ರ ಆಕ್ಸಿಜನ್ ಮಾಸ್ಕು ಸರಿಸಿ, "ಬೈದವನೇ ಪೂರ್ತಿ ಕೇಳಿರೋದು ಅಕ್ಕಾ. ಹೊಗಳೋರು ಅರ್ಧಕ್ಕೇ ಎದ್ದು ಹೋಗಿರ್ತಾರೆ" ಎಂದೆ. ಅಷ್ಟು ಹೇಳುವುದಕ್ಕೆ ನೀನು ಎರಡು ಸಲ ನಿಲ್ಲಬೇಕಾಯಿತು.

ನೀನು ಮತ್ತೆ ಮತ್ತೆ ಓದಿಸಿದ್ದು ಒಂದೇ ಒಂದನ್ನು. "ಈ ಹಾಡುಗಾರ ಉಸಿರೇ ಎಳೆದುಕೊಳ್ಳುವುದಿಲ್ಲ. ಎದೆಯೊಳಗೆ ಇಂಜಿನ್ನು ಇಟ್ಟುಕೊಂಡಿದ್ದಾನೆ." ಅದನ್ನು ಕೇಳಿ ನೀನು ನಕ್ಕೆ, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ನರ್ಸಮ್ಮ ನನ್ನನ್ನು ಹೊರಗೆ ಕಳಿಸಿದಳು. ಕಾರಿಡಾರಿನ ಬೆಂಚಿನ ಮೇಲೆ ಕೂತು ಆ ಕೇಳುಗನನ್ನು ಮನಸಾರೆ ಶಪಿಸಿದೆ. ಪಾಪ, ಅವನದೇನು ತಪ್ಪು. ಅವನು ಮೆಚ್ಚಿಯೇ ಬರೆದಿದ್ದ.

ನಿನ್ನ ಉಸಿರು ಎಲ್ಲಿ ಹೋಯಿತು ಎಂಬುದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಶ್ವಾಸಕೋಶ ದಿನೇ ದಿನೇ ಗಟ್ಟಿಯಾಗುತ್ತಿದೆ ಎಂದು ಡಾಕ್ಟರು ಹೇಳಿದ ವರ್ಷವೇ ನಿನಗೆ ಆಲ್ಬಮ್ ಮಾಡಬೇಕಿತ್ತು. ಅದೂ ಎಂಥದ್ದು? ಮೂರು ನಿಮಿಷದ ಓಟದ ಹಾಡುಗಳು, ಎರಡು ಗಿಟಾರಿನ ಅಬ್ಬರ, ನಡುವೆ ಚಪ್ಪಾಳೆ, ಎಲ್ಲರೂ ಒಟ್ಟಿಗೆ ಕೂಗುವ ಪಲ್ಲವಿ. ನಿಧಾನದ ಹಾಡು ಮಾಡೋಣ ಕಣೋ, ಕೂತುಕೊಂಡು ಹಾಡುವಂಥದ್ದು ಎಂದರೆ, "ಅದು ಕಾಯಿಲೆಯವರ ಸಂಗೀತ" ಎಂದು ಮುಖ ತಿರುಗಿಸಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕು ಎನ್ನುವ ಜಾತಿ ನಿನ್ನದು, ಚಿಕ್ಕಂದಿನಿಂದ.

ಹಾಗಾಗಿ ನೀನು ಕೆಲಸ ಮಾಡುತ್ತಿದ್ದ ಕನ್ನಡಕದಂಗಡಿಯ ಹಿಂದಿನ ಉಗ್ರಾಣದಲ್ಲಿ ನಾವಿಬ್ಬರೇ ಬಾಗಿಲು ಹಾಕಿಕೊಂಡು ಕೂತೆವು. ಫ್ರೇಮುಗಳ ರಟ್ಟಿನ ಡಬ್ಬಗಳ ಮೇಲೆ ರಜಾಯಿ ಹೊದಿಸಿ ಹೊರಗಿನ ಸದ್ದು ತಡೆದೆವು. ನೀನು ದಡಬಡ ಎಂದೇ ಕರೆಯುತ್ತಿದ್ದ ಡ್ರಮ್ಮಿನವನು ಮತ್ತು ಇನ್ನೊಬ್ಬ ಗಿಟಾರಿನವನು ತಮ್ಮ ಪಾಲು ನುಡಿಸಿ ಮನೆಗೆ ಹೋದ ಮೇಲೆ, ನಾನು ಕಂಪ್ಯೂಟರಿನಲ್ಲಿ ವಾದ್ಯಗಳ ವೇಗವನ್ನೂ ಶ್ರುತಿಯನ್ನೂ ಇಳಿಸಿ ನಿನ್ನ ಕಿವಿಗೆ ಹಾಕುತ್ತಿದ್ದೆ. ಆ ನಿಧಾನಕ್ಕೆ ನೀನು ಸ್ಟೂಲಿನ ಮೇಲೆ ಕೂತು ಒಂದೊಂದೇ ಸಾಲು ಹಾಡುತ್ತಿದ್ದೆ. ಒಂದು ಸಾಲು, ಆಮೇಲೆ ಮೊಣಕಾಲಿಗೆ ಕೈ ಊರಿ ಉಸಿರು, ಆಮೇಲೆ ಮತ್ತೊಂದು ಸಾಲು. ಕೊನೆಯಲ್ಲಿ ಎಲ್ಲವನ್ನೂ ಮೊದಲಿನ ವೇಗಕ್ಕೆ ಏರಿಸಿದರೆ ನಿನ್ನ ದನಿ ತೆಳ್ಳಗೆ, ಎಳೆಯದಾಗಿ, ಚಿಗರೆಯಂತೆ ನೆಗೆಯುತ್ತ ಬರುತ್ತಿತ್ತು. ಸಾಲುಗಳ ನಡುವಿನ ಉಸಿರುಗಳನ್ನು ಒಂದೊಂದಾಗಿ ಹುಡುಕಿ ಕತ್ತರಿಸಿದವಳು ನಾನು. ತರಕಾರಿಯಿಂದ ನಾರು ತೆಗೆಯುವ ಹಾಗೆ ತೆಗೆದೆ. ಎಲ್ಲ ಹಾಡುಗಾರರಿಗೂ ಅಷ್ಟಿಷ್ಟು ಹೀಗೆ ಮಾಡುತ್ತಾರೆ, ಅದೇನು ಅಪರಾಧವಲ್ಲ. ಆದರೆ ನಿನ್ನದರಲ್ಲಿ ಹಾಡಿಗಿಂತ ಉಸಿರೇ ಹೆಚ್ಚಿತ್ತು.

ಕೆಲಸ ಮುಗಿದ ದಿನ, "ಆ ನಿಧಾನದ್ದನ್ನೆಲ್ಲ ಅಳಿಸ್ಬಿಡು ಅಕ್ಕಾ. ಯಾರ ಕಿವಿಗೂ ಬೀಳ್ಬಾರದು" ಎಂದೆ. ಆಯ್ತು ಎಂದೆ ನಾನು. ಅಳಿಸಲಿಲ್ಲ. ನನ್ನ ಹಟ ನಿನಗೆ ಗೊತ್ತಿಲ್ಲದ್ದೇನಲ್ಲ.

ಅಮ್ಮನಿಗೆ ನಾವು ಹೇಳಿದ್ದು ಧೂಳಿನ ಅಲರ್ಜಿ ಎಂದು. ನೀನಂತೂ ಮನೆ ಬಿಟ್ಟು ಅಂಗಡಿಯ ಮೇಲಿನ ಕೋಣೆಗೇ ಹೋಗಿಬಿಟ್ಟೆ. "ಅಮ್ಮ ಗೋಡೆಯಾಚೆ ಮಲಗಿದ್ರೂ ನನ್ನ ಉಸಿರು ಕೇಳಿಸ್ಕೊಂಡ್ಬಿಡ್ತಾಳೆ" ಎಂಬುದು ನಿನ್ನ ಲೆಕ್ಕ. ಅವಳಿಗೆ ಫೋನು ಮಾಡಿದರೆ ನಾಲ್ಕು ಮಾತಿಗೇ ಇಟ್ಟುಬಿಡುತ್ತಿದ್ದೆ, ಐದನೆಯ ಮಾತಿಗೆ ಉಸಿರು ಸಾಲುತ್ತಿರಲಿಲ್ಲ. ಮಗನಿಗೆ ಬ್ಯಾಂಡು ಸಿಕ್ಕ ಮೇಲೆ ಅಮ್ಮ ಬೇಡವಾದಳು ಎಂದು ಅವಳು ಪರದೆ ಹೊಲಿಯುತ್ತ ಗಿರಾಕಿಗಳ ಮುಂದೆ ಹೇಳಿಕೊಂಡಳು. ನಿಜ ಗೊತ್ತಾಗುವ ಹೊತ್ತಿಗೆ ನಿನ್ನ ಮುಖದ ಮೇಲೆ ಮಾಸ್ಕು ಕೂತಿತ್ತು. ಒಂದು ಪೂರ್ತಿ ವರ್ಷದ ನಿನ್ನ ದನಿ ಅವಳ ಪಾಲಿಗೆ ಇಲ್ಲವೇ ಇಲ್ಲ. ಇದ್ದದ್ದು ಆಲ್ಬಮ್ ಒಂದೇ. ಇದರ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ನೀನು ಹೋದ ಸುದ್ದಿ ಹರಡಿದ ಮೇಲೆ ಅಭಿಪ್ರಾಯಗಳ ಬಣ್ಣವೇ ಬದಲಾಯಿತು. ಸತ್ತ ಎಮ್ಮೆಗೆ ಹಾಲು ಜಾಸ್ತಿ ಎನ್ನುತ್ತಾರಲ್ಲ, ಹಾಗೆ. ಹಲ್ಲು ಹುಳುಕಿನವನು ಹಳೆಯದನ್ನು ಅಳಿಸಿ ಐದು ನಕ್ಷತ್ರ ಕೊಟ್ಟು, "ಈಗ ಅರ್ಥವಾಯಿತು" ಎಂದು ಬರೆದ. ಏನು ಅರ್ಥವಾಯಿತೋ ಅವನೇ ಹೇಳಬೇಕು. ನೆಲ ಒರೆಸುತ್ತಿದ್ದವಳು ಇನ್ನು ಮೇಲೆ ಈ ಹಾಡುಗಳನ್ನು ನೆಲ ಒರೆಸುವಾಗ ಕೇಳಲಾರೆ ಎಂದಳು. ಅದನ್ನು ಓದಿ ನನಗೆ ಅಳು ಬಂತು. ನಿನಗೆ ಅವಳು ನೆಲ ಒರೆಸುತ್ತಲೇ ಕೇಳಬೇಕಿತ್ತು ಎಂದು ನನಗೆ ಗೊತ್ತು.

ಆ ಐದು ನಕ್ಷತ್ರಗಳ ಸಾಲಿನಲ್ಲಿ ಒಂದು ದಿನ ಒಂದೇ ನಕ್ಷತ್ರದ ಅಭಿಪ್ರಾಯ ಬಂತು. "ಹಾಡು ಚೆನ್ನಾಗಿದೆ. ಹಾಡಿದವನು ನನ್ನ ಮಗ ಅಲ್ಲ." ಬರೆದವಳು ಅಮ್ಮ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಗಾದೆಯನ್ನೇ ಸುಳ್ಳು ಮಾಡಿದ್ದಳು. ಫೋನಿನಲ್ಲಿ ಹೀಗೆ ಬರೆಯುವುದನ್ನು ಪಕ್ಕದ ಮನೆಯ ಹುಡುಗಿಯಿಂದ ಕಲಿತಳಂತೆ. ಒಂದು ನಕ್ಷತ್ರ ಯಾಕೆ ಕೊಟ್ಟೆ ಎಂದು ಕೇಳಿದರೆ, "ಒಂದು ಒತ್ತಿದ್ರೆ ಸಾಕಲ್ವಾ? ಐದೂ ಒತ್ಬೇಕಾ?" ಎಂದಳು. ಅವಳು ಆಲ್ಬಮ್ಮನ್ನು ಬೈದಿರಲಿಲ್ಲ. ಫೋನನ್ನು ದಾರದ ಡಬ್ಬಕ್ಕೆ ಒರಗಿಸಿಟ್ಟು, ಹೊಲಿಗೆ ಯಂತ್ರ ತುಳಿಯುತ್ತ, ದಿನಾ ಅದನ್ನು ಕೇಳುತ್ತಿದ್ದಳು, ನೀನು ಯಾವ ಸಾಲಿನಲ್ಲಾದರೂ ಸಿಗುತ್ತೀಯೇನೋ ಎಂದು. ಸಿಗಲಿಲ್ಲ. ಅದನ್ನೇ ಬರೆದಳು, ಅಷ್ಟೆ.

ಆದರೆ ಜನಕ್ಕೆ ಅಷ್ಟು ಸಾಕಾಯಿತು. ತಾಯಿಯೇ ಹೇಳುತ್ತಿದ್ದಾಳೆ ಎಂದರೆ ಇದರಲ್ಲೇನೋ ಇದೆ ಎಂದು ಒಬ್ಬ ಶುರುಮಾಡಿದ. ಕಾಯಿಲೆಯವನು ಹೀಗೆ ಹಾಡಲು ಸಾಧ್ಯವೇ ಇಲ್ಲ, ಯಾರನ್ನೋ ತಂದು ಹಾಡಿಸಿದ್ದಾರೆ, ಸತ್ತವನ ಹೆಸರಿನಲ್ಲಿ ಮರುಕ ಮಾರುತ್ತಿದ್ದಾರೆ ಎಂದು ಇನ್ನೊಬ್ಬ ಬೆಂಕಿಗೆ ತುಪ್ಪ ಸುರಿದ. ಉಸಿರೇ ಇಲ್ಲದ ಹಾಡನ್ನು ಸಾಲು ಸಾಲಾಗಿ ಬಿಡಿಸಿ ಸಾಕ್ಷಿ ಕೊಟ್ಟರು. ಮತ್ತೆ ಕೆಲವರು ಅಮ್ಮನನ್ನೇ ಹಿಡಿದುಕೊಂಡರು. ಮಗನ ಹೆಸರು ಹೇಳಿಕೊಂಡು ಪ್ರಚಾರಕ್ಕೆ ಬಂದ ಯಾವುದೋ ಹುಚ್ಚು ಮುದುಕಿ ಎಂದರು. ಅಮ್ಮ ಅದನ್ನೂ ಓದಿದಳು. "ಹುಚ್ಚಿ ಅಂದ್ರೆ ಅನ್ಲಿ. ನನ್ನ ಮಗನ ದನಿ ನನಗೆ ಗೊತ್ತಿಲ್ವಾ?" ಎಂದು ನನ್ನನ್ನು ಕೇಳಿದಳು. ಆ ಪ್ರಶ್ನೆಗೆ ಒಂದೇ ಉತ್ತರ ಇತ್ತು, ಅದು ನನ್ನ ಕಂಪ್ಯೂಟರಿನಲ್ಲಿತ್ತು.

ಇದನ್ನೆಲ್ಲ ಓದಿ ಡ್ರಮ್ಮಿನ ನಮ್ಮ ದಡಬಡ ಓಡಿಬಂದ. ಅವನಿಗೆ ಎಲ್ಲವನ್ನೂ ಹೇಳಿದೆ. ಬಾಯಿ ತೆರೆದವನು ಮುಚ್ಚಲಿಲ್ಲ. ಆಮೇಲೆ, "ಆ ನಿಧಾನದ್ದನ್ನ ಹೊರಗೆ ಹಾಕು. ಎಲ್ಲರ ಬಾಯಿ ಮುಚ್ಚುತ್ತೆ" ಎಂದ. ಮುಚ್ಚುತ್ತಿತ್ತು, ನಿಜ. ಅಷ್ಟೇ ಅಲ್ಲ, ಅದಕ್ಕೂ ಐದೈದು ನಕ್ಷತ್ರ ಸುರಿಯುತ್ತಿದ್ದವು. ನಿನ್ನ ಒಂದೊಂದು ಉಸಿರಿಗೂ ಜನ ಕಣ್ಣೀರಿನ ಗೊಂಬೆ ಹಾಕುತ್ತಿದ್ದರು. ನಾನು ಆಗಲ್ಲ ಎಂದೆ. ಹಾಗಿದ್ದರೆ ಮೋಸಗಾರರು ಎನ್ನಿಸಿಕೊಂಡು ಇರೋಣ ಎಂದ. ಇರೋಣ ಎಂದೆ. ಅವನು ಬೇಜಾರು ಮಾಡಿಕೊಂಡೇ ಹೋದ, ಈಗಲೂ ಸರಿಯಾಗಿ ಮಾತಾಡುವುದಿಲ್ಲ. ಊರವರ ವಿಷಯದಲ್ಲಿ ನಿನ್ನ ಮಾತು ಉಳಿಸಿದ್ದೇನೆ, ತಮ್ಮಾ.

ಅಮ್ಮನ ವಿಷಯದಲ್ಲಿ ಉಳಿಸಲಿಲ್ಲ. ಅವಳಿಗೆ ಕೇಳಿಸಿದೆ. ಇದಕ್ಕಾಗಿ ಕ್ಷಮೆ ಕೇಳುತ್ತೇನೆಂದು ಕಾಯಬೇಡ. ನೀನು ಬಚ್ಚಿಟ್ಟದ್ದು ಕಾಯಿಲೆಯನ್ನು ಮಾತ್ರವಲ್ಲ, ಅವಳ ಮಗನನ್ನೂ ಬಚ್ಚಿಟ್ಟಿದ್ದೆ. ಅದು ನಿನ್ನೊಬ್ಬನ ಸ್ವತ್ತಲ್ಲ.

ಹೋದ ವಾರ, ಮಧ್ಯಾಹ್ನ. ಅಮ್ಮ ಯಾವುದೋ ಕಚೇರಿಯ ಕಿಟಕಿಗೆ ಉದ್ದನೆಯ ನೀಲಿ ಪರದೆ ಹೊಲಿಯುತ್ತಿದ್ದಳು, ಬಟ್ಟೆ ನೆಲದ ತುಂಬ ಬಿದ್ದಿತ್ತು. ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಮಾತೆಲ್ಲ ಬಾಗಿಲಲ್ಲೇ ಮರೆತುಹೋಯಿತು. "ಅಮ್ಮಾ, ಅವನು ಹಾಡಿದ್ದು ಹೀಗಲ್ಲ. ಹಾಡಿದ್ದು ಬೇರೆ ಥರ ಇದೆ. ಅದನ್ನ ನಾನು ಬದಲಾಯಿಸಿದ್ದು" ಎಂದೆ. ಅವಳು ನನ್ನ ಮುಖವನ್ನೇ ನೋಡಿ, "ಹಾಕು" ಎಂದಳು. ಯಾಕೆ, ಹೇಗೆ ಎಂದು ಕೇಳಲಿಲ್ಲ.

ಹಾಡಿಗೂ ಮುಂಚೆ ನಿನ್ನ ಮಾತಿದೆ ಅದರಲ್ಲಿ. "ಅಕ್ಕಾ, ತಡಿ, ಒಂದ್ನಿಮಿಷ" ಎನ್ನುತ್ತೀಯ, ಸ್ಟೂಲು ಕಿರುಗುಟ್ಟುತ್ತದೆ, ಗಂಟಲು ಸರಿಮಾಡಿಕೊಳ್ಳುತ್ತೀಯ. ಅಷ್ಟಕ್ಕೇ ಅಮ್ಮನ ಕಾಲು ಯಂತ್ರದ ಮೇಲೆ ನಿಂತುಹೋಯಿತು. ಅವಳು ಅಳಲಿಲ್ಲ. ಯಾರೋ ಬಾಗಿಲು ತೆಗೆದು ಒಳಗೆ ಬಂದಾಗ ನೋಡುವಂತೆ ತಲೆ ಎತ್ತಿದಳು. "ಹಾಂ" ಎಂದಳು. "ಇವನು. ಇವನು ನನ್ನ ಮಗ."

ನೀನು ಮೊದಲ ಸಾಲು ಹಾಡಿದೆ. ನಿನ್ನ ನಿಜವಾದ ದನಿ ದಪ್ಪ ಕಣೋ, ಸ್ವಲ್ಪ ಒರಟು, ಕೊನೆಯ ಅಕ್ಷರಕ್ಕೆ ಬರುವಾಗ ಸವೆದುಹೋಗುತ್ತದೆ. ಆಮೇಲೆ ಉಸಿರು. ಅದು ಎಷ್ಟು ಹೊತ್ತು ನಡೆಯುತ್ತದೆಂಬುದು ಕತ್ತರಿಸಿದ ನನಗೇ ಮರೆತುಹೋಗಿತ್ತು. ಅಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಹಿಡಿದುಕೊಂಡೇ ಇದ್ದಳು. ಎರಡನೆಯ ಸಾಲು. ಮತ್ತೆ ಉಸಿರು, ಎಳೆದುಕೊಳ್ಳಲು ಹೋಗಿ ಸಿಗದ ಉಸಿರು, ಆಮೇಲೆ ಅರ್ಧ ಸಿಕ್ಕಿದ್ದು. ನಾನು ಅವಳನ್ನು ನೋಡಿದೆ. ಅವಳ ಎದೆ ನಿನ್ನ ಜೊತೆಗೇ ಏರುತ್ತಿತ್ತು, ನಿನಗೆ ಸಿಗದಿದ್ದಾಗ ಅವಳೂ ತಡೆದುಕೊಂಡು ಕೂತಿರುತ್ತಿದ್ದಳು. "ಇಷ್ಟು ಕಷ್ಟ ಆಗ್ತಿತ್ತಾ ಅವನಿಗೆ?" ಎಂದು ಕೇಳಿದಳು. ಹೂಂ ಎಂದೆ. "ಹತ್ರ ಯಾರಿದ್ರು?" ಎಂದಳು. ನಾನಿದ್ದೆ ಅಮ್ಮಾ ಎಂದೆ. ತಲೆಯಾಡಿಸಿದಳು.

ಮೂರನೆಯ ಸಾಲಿನ ನಡುವೆ ನೀನು ಕೆಮ್ಮುತ್ತೀಯ, ಸಾರಿ ಎನ್ನುತ್ತೀಯ, ಮತ್ತೆ ಮೊದಲಿನಿಂದ ಶುರುಮಾಡುತ್ತೀಯ. ಅಮ್ಮ ಎದ್ದು ನಿಂತಳು. ಪರದೆ ಅವಳ ಮಡಿಲಿನಿಂದ ಜಾರಿ ಬಿತ್ತು. ಫೋನಿನ ಕಡೆ ಕೈ ಚಾಚಿ, ಆದರೆ ಮುಟ್ಟದೆ, ನನಗೆ ಹೇಳಿದಳು, "ನಿಲ್ಸು. ನಿಲ್ಸೇ. ಅವನಿಗೆ ಸುಸ್ತಾಗ್ತಿದೆ."

ನಿಲ್ಲಿಸಿದೆ.

ನಾನು ಹೊರಡುವಾಗ ಇದನ್ನು ಅಳಿಸಲೋ ಇಡಲೋ ಎಂದು ಕೇಳಿದೆ. ಅವಳು ಬಿದ್ದ ಪರದೆಯನ್ನು ಕೊಡವಿ ಮಡಿಸುತ್ತಿದ್ದಳು, ತಲೆ ಎತ್ತಲಿಲ್ಲ. "ಇಟ್ಕೊಂಡಿರು" ಎಂದಳು. "ಆದ್ರೆ ಅವನ ಕೈಲಿ ಇನ್ನು ಹಾಡಿಸ್ಬೇಡ."

ಹಾಡಿಸುವುದಿಲ್ಲ ಕಣೋ. ಇನ್ನು ಯಾರೂ ನಿನ್ನನ್ನು ಎಬ್ಬಿಸುವುದಿಲ್ಲ. ಸುಧಾರಿಸಿಕೋ, ತಮ್ಮಾ.

ಇಂತಿ,
ನಿನ್ನ ಮೇಲೆ ಇನ್ನೂ ಸಿಟ್ಟಿರುವ
ಅಕ್ಕ