ಜವಳಿ ವ್ಯಾಪಾರಿಯ ಮಗ

ರೋಣ, ೧೯೫೭

ಅಪ್ಪಾ,

ನೀನಿರುವಲ್ಲಿಗೆ ಟಪಾಲು ಬರುವುದಿಲ್ಲ. ಆ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ಇವತ್ತು ಇಲ್ಲಿಯ ಕ್ಲಬ್ಬಿನಲ್ಲಿ ನನ್ನ ಆತ್ಮಕಥೆ ಬಿಡುಗಡೆಯಾಯಿತು. ಇಪ್ಪತ್ತು ವರ್ಷ ಹೊಟ್ಟೆಪಾಡಿಗೆ ಟೆನಿಸ್ ಆಡಿದವನ ಮುಚ್ಚುಮರೆಯಿಲ್ಲದ ಕಥೆ ಎಂದು ಎಲ್ಲರೂ ಹೊಗಳಿದರು. ಖರೇ, ಕುಡಿದದ್ದು, ಬೇಕೆಂತಲೇ ಸೋತದ್ದು ಎಲ್ಲ ಬರೆದಿದ್ದೇನೆ, ನಿನ್ನ ಮಗ್ಗವೊಂದನ್ನು ಬಿಟ್ಟು. ‘ನಾನು ಗಜೇಂದ್ರಗಡದ ಜವಳಿ ವ್ಯಾಪಾರಿಯ ಮಗ’ ಎಂದು ಓದುತ್ತಿದ್ದಂತೆ ದ್ರಾಕ್ಷಾಯಣಿ ಅತ್ತೆ ಮುಂದಿನ ಸಾಲಿನಿಂದಲೇ ಕೂಗಿದಳು. ತಾಯಿಯಿಲ್ಲದ ನನ್ನನ್ನು ಸಾಕಿದ ನಿನ್ನ ತಂಗಿ, ನೀನು ನೇಯ್ದ ಕೊನೆಯ ಸೀರೆ ಉಟ್ಟು ಬಂದಿದ್ದಳು.

“ಏ ಈರ್ಯಾ, ಮಗ್ಗದ ಕುಣ್ಯಾಗ ಕುಂತು ಸವದಾಂವ ನಿಮ್ಮಪ್ಪ. ಅಂಗಡಿ ಯಾವಾಗ ತಗದನೋ? ಸತ್ತ ಮ್ಯಾಲೇನು?”

ಸಭೆ ನಕ್ಕಿತು. “ಯಾರ್ರಿ ಈ ಮುದುಕಿ?” ಎಂದರು ಸೆಕ್ರೆಟರಿ.

“ನಮ್ಮ ಮನಿ ಹಳೇ ಕೆಲಸದಾಕಿರಿ,” ಅಂದೆ ನಾನು.

ಅತ್ತೆಗೆ ಕೇಳಿಸಿತು. ಸೆರಗು ಸರಿಮಾಡಿಕೊಂಡು ಎದ್ದಳು. “ಹೌದ್ರಿ, ಕೆಲಸದಾಕಿನ. ಇವರ ಮೂಗು ಒರಸೀನಿ, ಕುಂಡಿ ತೊಳದೀನಿ. ಬರ್ತೀನ್ರಿ, ಸಾಹೇಬ್ರ.”

ಆಮೇಲೆ ಸಹಿಗಾಗಿ ಜನ ಸಾಲು ನಿಂತರು. ನಮ್ಮ ಕಡೆಯ ರೂಢಿಯಂತೆ ಪ್ರತಿ ಪುಸ್ತಕದಲ್ಲೂ ನನ್ನ ಹೆಸರಿನ ಮುಂದೆ ನಿನ್ನ ಹೆಸರು ಬರೆದುಕೊಟ್ಟೆ. ಪಂದ್ಯದಲ್ಲಿ ಸರ್ವಿಸ್ ಮಾಡುವಾಗ ನಡುಗುತ್ತಿದ್ದ ಕೈ ಇವತ್ತು ನಡುಗಲೇ ಇಲ್ಲ.

ಥೂ!