ಅರ್ಧ ಕಚ್ಚಿದ ಸಂತ್ರಿ ಬಿಸ್ಕೀಟು

ಲಕ್ಷ್ಮೇಶ್ವರ
೧೮ ನವೆಂಬರ್ ೧೯೫೬

ಹುಚ್ಚೀರಪ್ಪನವರಿಗೆ,

ಸಿದ್ದಲಿಂಗವ್ವ ಬರೆಯುವುದೇನೆಂದರೆ, ಇಲ್ಲಿ ನಾನು ಗಟ್ಟಿಯಾಗಿದ್ದೇನೆ. ಅಲ್ಲಿ ನೀವು ಹೇಗಿದ್ದೀರಿ ಎಂದು ಕೇಳುವುದು ಪತ್ರದ ರೀತಿ. ಕೇಳುವ ಮನಸ್ಸಿಲ್ಲ, ಕೇಳುವುದಿಲ್ಲ. ಹೆಂಡತಿಯಾದವಳು ಗಂಡನ ಹೆಸರು ಹಿಡಿದು ಬರೆದಳಲ್ಲ ಎಂದು ಮೊದಲ ಸಾಲಿಗೇ ನಿಮಗೆ ಸಿಟ್ಟು ಬಂದಿರಬೇಕು. ಬರಲಿ. ನಿಮ್ಮ ಮನೆಯಲ್ಲಿದ್ದಷ್ಟು ವರ್ಷ ಆ ಹೆಸರನ್ನು ಬಾಯಲ್ಲಿ ಆಡದೆ, ದೇವರಿಗೆ ಎತ್ತಿಟ್ಟ ಎಡೆಯ ಹಾಗೆ ಕಾದಿಟ್ಟೆ. ಇನ್ನು ಕಾಯುವುದರಲ್ಲಿ ಅರ್ಥವಿಲ್ಲ.

ನಿಮ್ಮ ಪತ್ರ ದೀಪಾವಳಿ ಆದ ಮೇಲೆ ಬಂತು. ಅಣ್ಣ ದ್ಯಾಮಪ್ಪ ಅದನ್ನು ತನ್ನ ಕಾಳಿನ ಅಂಗಡಿಯಲ್ಲಿಯೇ ಒಡೆದು, ಗಿರಾಕಿಗಳ ಎದುರಿಗೆ ಓದಿ, ಮನೆಗೆ ತಂದು ಅತ್ತಿಗೆಗೆ ಕೇಳುವಂತೆ ಇನ್ನೊಮ್ಮೆ ಓದಿದ. ಮುಂಬಯಿ ಸರಕಾರದ ಕೆಳಗಿದ್ದವರು, ಹೈದರಾಬಾದಿನ ಕೆಳಗಿದ್ದವರು, ಮೈಸೂರಿನವರು ಎಲ್ಲರೂ ಒಂದೇ ಮನೆಯವರಾದೆವು, ಕನ್ನಡ ನಾಡೇ ಒಂದಾಯಿತು, ಹೀಗಿರುವಾಗ ಗಂಡ ಗದಗಿನಲ್ಲಿ, ಹೆಂಡತಿ ಲಕ್ಷ್ಮೇಶ್ವರದಲ್ಲಿ ಇರುವುದು ಶೋಭೆಯಲ್ಲ ಎಂದು ಬರೆದಿದ್ದೀರಿ. ಕೇಳುತ್ತ ಕೇಳುತ್ತ ನನಗೆ ಹೇಸಿಗೆಯಾಯಿತು. ಸಭೆಯಲ್ಲಿ ಮಾಡಿದ ಭಾಷಣದಲ್ಲಿ ಮಿಕ್ಕ ತುಂಡನ್ನು ಹೆಂಡತಿಗೆ ಕಳಿಸಿದ್ದೀರಿ. ಮಿಕ್ಕದ್ದನ್ನೆಲ್ಲ ನನ್ನ ತಾಟಿಗೆ ಹಾಕುವ ಚಾಳಿ ನಿಮಗೆ ಇನ್ನೂ ಹೋಗಿಲ್ಲ.

ಅಣ್ಣನಿಗೆ ಮಾತ್ರ ಕಣ್ಣು ತುಂಬಿ ಬಂತು. "ಗಂಡ ತಾನಾಗೇ ಕರ್ಯಾಕ ಹತ್ಯಾನ, ಇನ್ನ ಏನ ಬೇಕವಾ ನಿನಗ? ಬರೋ ಸ್ವಾಮಾರ ಬಸ್ಸಿಗಿ ಹೊಂಟಬಿಡು" ಅಂದ. ಅತ್ತಿಗೆ ಎದ್ದು ಹೋಗಿ ನನ್ನ ಟ್ರಂಕಿನ ಮೇಲಿದ್ದ ಮೆಣಸಿನಕಾಯಿ ಚೀಲವನ್ನು ಕೆಳಗಿಳಿಸಿ ಇಟ್ಟಳು. ನಾನು ಹೊರಡಬೇಕು ಎಂಬುದು ಈ ಮನೆಯಲ್ಲಿ ತೀರ್ಮಾನವಾಗಿದೆ. ಹೋಗುತ್ತೀಯೇನು ಎಂದು ನನ್ನನ್ನು ಯಾರೂ ಕೇಳಿಲ್ಲ. ಅದಕ್ಕೇ ಉತ್ತರವನ್ನು ಅಣ್ಣನ ಕೈಯಿಂದ ಬರೆಸದೆ ನಾನೇ ಬರೆಯುತ್ತಿದ್ದೇನೆ.

ಪತ್ರದ ಕೊನೆಗೆ ಇನ್ನೊಂದು ಮಾತಿದೆ. ಬರುವಾಗ ಆ ಸಂತ್ರಿ ಬಿಸ್ಕೀಟು ಮಾಡಿಕೊಂಡು ಬರಬೇಕಂತೆ. ಬರುವುದು ತಡವಾದರೆ ಮಾಡುವ ರೀತಿಯನ್ನಾದರೂ ಕೂಡಲೇ ಬರೆದು ಕಳಿಸಬೇಕಂತೆ, ಬಹಳ ಜರೂರು ಇದೆಯಂತೆ. ಜರೂರು! ಎರಡು ವರ್ಷ ಹೆಂಡತಿ ಬದುಕಿದ್ದಾಳೋ ಸತ್ತಿದ್ದಾಳೋ ಎಂಬ ಜರೂರು ಬೀಳದವರಿಗೆ ಬಿಸ್ಕೀಟಿನ ಜರೂರು ಬಿದ್ದಿದೆ. ನಿಮ್ಮ ನಾಲಿಗೆಗೆ ಬೆಂಕಿ ಬೀಳಲಿ ಅನ್ನಬೇಕೆನಿಸಿತು, ಅನ್ನುವುದಿಲ್ಲ. ಹೇಳುತ್ತೇನೆ. ಹೇಳಿಬಿಟ್ಟರೆ ನನ್ನಿಂದ ಆಗಬೇಕಾದ್ದು ನಿಮಗೆ ಏನೂ ಉಳಿಯುವುದಿಲ್ಲ.

ಒಂದು ಬಟ್ಟಲು ತುಪ್ಪ, ಒಂದು ಬಟ್ಟಲು ಕುಟ್ಟಿ ಸೋಸಿದ ಸಕ್ಕರೆ, ಎರಡು ಬಟ್ಟಲು ಮೈದಾ, ಚಿಟಿಕೆ ಸೋಡಾ. ತುಪ್ಪ ಸಕ್ಕರೆ ಕೂಡಿಸಿ ಪರಾತದಲ್ಲಿ ಅಂಗೈಯಿಂದ ಬೆಳ್ಳಗಾಗುವವರೆಗೆ ತಿಕ್ಕಬೇಕು. ತಿಕ್ಕುವ ಮೊದಲು ಕೈ ತೊಳೆದುಕೊಳ್ಳಿ. ಪೇಪರು ಓದುತ್ತ ಕಿವಿಯಲ್ಲಿ ಕಿರುಬೆರಳು ತಿರುವಿ, ಅದೇ ಕೈಯಿಂದ ರೊಟ್ಟಿ ಮುರಿಯುವುದನ್ನು ನಾನು ಒಂಬತ್ತು ವರ್ಷ ನೋಡಿದ್ದೇನೆ. ಆಮೇಲೆ, ಮೈಸೂರಿನವರು ಕಿತ್ತಳೆ ಎನ್ನುವ ಒಂದು ಸಂತ್ರಿಯ ಸಿಪ್ಪೆಯನ್ನು ಒಳಗಿನ ಬಿಳಿಯ ಸಮೇತ ನುಣ್ಣಗೆ ಅರೆದು ಪೂರ್ತಿ ಹಾಕಿ. ಹಾಕಿದಷ್ಟೂ ಒಳ್ಳೆಯದು. ಮೈದಾ, ಸೋಡಾ ಕೂಡಿಸಿ ಹಿಟ್ಟನ್ನು ಹದಕ್ಕೆ ತಂದು, ಉಂಡೆ ಮಾಡಿ, ಒತ್ತಿ ತಾಟಿನಲ್ಲಿ ಜೋಡಿಸಿ. ದಪ್ಪ ತಳದ ಪಾತೇಲಿಗೆ ಉಸುಕು ಹಾಕಿ ಇದ್ದಿಲಿನ ಶಿಗಡಿಯ ಮೇಲೆ ಕಾಯಿಸಿ, ಅದರೊಳಗೆ ಈ ತಾಟು ಇಟ್ಟು ಮುಚ್ಚಬೇಕು. ಮುಚ್ಚಳದ ಮೇಲೂ ಕೆಂಡ ಹಾಕಬೇಕು. ಕೆಳಗೆ ಕಡಿಮೆ, ಮೇಲೆ ಹೆಚ್ಚು. ವಾಸನೆ ಓಣಿಗೆ ಹೋಯಿತೆಂದರೆ ಬೆಂದವು ಎಂದು ಅರ್ಥ.

ನಮ್ಮ ಓಣಿಯ ನರ್ಸಬಾಯಿ ಕಲಿಸಿದ್ದು ಇದು. ಅಂಗಡಿ ಬಿಸ್ಕೀಟಿನಲ್ಲಿ ಕೋಳಿ ತತ್ತಿ ಇರುತ್ತದೆಂದು ನಿಮ್ಮ ತಾಯಿ ಶಂಕ್ರೆವ್ವನವರು ಹೊಸ್ತಿಲೊಳಗೆ ತರಗೊಡುತ್ತಿರಲಿಲ್ಲ. ಮನೆಯಲ್ಲಿ ನಾನು ಮಾಡಿದರೆ ಮಾತ್ರ ಮುಟ್ಟುತ್ತಿದ್ದರು. ಒಂದು ಬಿಸ್ಕೀಟು ತಿಂದು, "ಕೈ ಚೊಲೊ ಐತಿ, ಹೊಟ್ಟಿ ಚೊಲೊ ಇಲ್ಲ. ನನ್ನ ಹೆಸರ ಇಡಾಕ ಒಂದು ಕೂಸ ಹಡೀಲಿಲ್ಲ ನೀ" ಎನ್ನುತ್ತಿದ್ದರು. ಸಾಯುವ ಹಿಂದಿನ ದಿನವೂ ಅದನ್ನೇ ಅಂದರು. ನೀವು ಪಕ್ಕದಲ್ಲಿಯೇ ಕುಳಿತಿದ್ದಿರಿ.

ಮುಂದೆ ಏಕೀಕರಣದ ಸಭೆಗಳು ಶುರುವಾದವು. ನೀವು ಹತ್ತಿ ಅಡತಿ ಅಂಗಡಿಯ ದಲಾಲಿ ಕೆಲಸ ಮುಗಿಸಿ, ಖಾದಿ ಅಂಗಿ ಹಾಕಿಕೊಂಡು ಸಂಜೆಗೆ ಹೊರಡುತ್ತಿದ್ದಿರಿ. "ಕಾರ್ಯಕರ್ತರು ಹಸದ ಹೊಟ್ಟೀಲೆ ಅಡ್ಡಾಡತಾರ, ಒಂದ ಡಬ್ಬಿ ಬಿಸ್ಕೀಟ ಮಾಡಿಕೊಡ" ಎಂದಿರಿ. ನಾನು ಮಾಡಿಕೊಟ್ಟೆ. ವಾರಕ್ಕೊಮ್ಮೆ ಆ ಗಿಳಿ ಚಿತ್ರದ ಡಬ್ಬಿಯನ್ನು ತುಂಬಿಕೊಟ್ಟೆ. ಹೊಗೆಗೆ ಕಣ್ಣು ಉರಿದರೂ, ಕೆಂಡ ಸಿಡಿದು ಸೀರೆಗೆ ತೂತು ಬಿದ್ದರೂ ಬೇಸರ ಪಡಲಿಲ್ಲ. ಸಭೆಗೆ ಹೋಗಲಾರದ ಹೆಂಗಸು ನಾಡಿಗೆ ಇಷ್ಟಾದರೂ ಮಾಡಿದೆನಲ್ಲ ಎಂದು ಹಿಗ್ಗುತ್ತಿದ್ದೆ. ಎಂಥ ಹುಚ್ಚಿ ನಾನು.

ಎರಡು ವರ್ಷದ ಹಿಂದೆ, ದೀಪಾವಳಿ ಆದ ವಾರ, ತೊಳೆಯಲೆಂದು ಡಬ್ಬಿಯ ಬಾಯಿ ತೆಗೆದರೆ ತಳದಲ್ಲಿ ಅರ್ಧ ಕಚ್ಚಿದ ಬಿಸ್ಕೀಟು ಇತ್ತು. ಕಚ್ಚಿದ ಗುರುತು ನಿಮ್ಮದರ ಹಾಗೆ ಸಮನಾಗಿರಲಿಲ್ಲ. ನಡುವೆ ಕಚ್ಚದೆ ಉಳಿದ ಒಂದು ಸಣ್ಣ ಮೊನೆ ನಿಂತಿತ್ತು. ನಿಮಗೆ ಹಲ್ಲು ನೋಯುತ್ತಿರಬೇಕು ಪಾಪ ಎಂದುಕೊಂಡೆ. ಗಂಡ ಬಿಟ್ಟದ್ದನ್ನು ಹೆಂಡತಿ ತಿಂದರೆ ಮನೆ ಒಂದಾಗಿ ಇರುತ್ತದೆ ಎಂದು ನಿಮ್ಮ ತಾಯಿ ಮದುವೆಯಾದ ಹೊಸದರಲ್ಲಿ ಕಲಿಸಿದ್ದರು. ನೀವು ಉಂಡ ತಾಟಿನಲ್ಲಿ ಉಣ್ಣುವುದು ನನಗೆ ರೂಢಿಯಾಗಿತ್ತು. ನಿಂತಲ್ಲಿಯೇ ಬಾಯಿಗೆ ಹಾಕಿಕೊಂಡೆ. ರುಚಿಯಾಗಿತ್ತು. ಆ ಮಾತನ್ನು ಬರೆದು, ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದೆ.

ಮೂರು ದಿನಕ್ಕೆ ಅಮೀನಬಿ ಬಳೆಯ ಬುಟ್ಟಿ ಹೊತ್ತು ಬಂದಳು. ಅಂದು ನಾನು ಪಾತೇಲಿಯ ಮೇಲೆ ಕೆಂಡ ಹಾಕಿಕೊಂಡು ಕುಳಿತಿದ್ದೆ. ಪಕ್ಕದಲ್ಲಿ ಕುಳಿತು ಬಳೆ ತೊಡಿಸುತ್ತ ಮೂಗು ಅರಳಿಸಿ, "ಅಯ್ಯ, ಇದ ವಾಸನಿ ಬೆಟಗೇರ್ಯಾಗ ನೇಕಾರ ಕರೆವ್ವನ ಮನ್ಯಾಗೂ ಬರತೈತ್ರಿ ಅವ್ವಾರ. ಗಿಳಿ ಡಬ್ಬಿ ತುಂಬ ಇರತಾವ" ಎಂದಳು. ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ನನ್ನ ಮುಖ ನೋಡಿದ ಮೇಲೆಯೇ ಅವಳಿಗೆ ತಿಳಿದದ್ದು. ಅವಳು ತೊಡಿಸುತ್ತಿದ್ದ ಹಸಿರು ಬಳೆ ಅರ್ಧ ಕೈಯಲ್ಲಿಯೇ ಒಡೆಯಿತು.

ಗಂಡನಿಗೆ ಇನ್ನೊಬ್ಬಳು ಇದ್ದಾಳೆ ಎಂದು ತಿಳಿದು ಅತ್ತ ಹೆಂಗಸರು ಬಹಳ ಮಂದಿ. ನಾನೂ ಅತ್ತೆ, ಇಲ್ಲವೆನ್ನುವುದಿಲ್ಲ. ಆದರೆ ಅಳುವಿಗಿಂತ ಮೊದಲು ಬಂದದ್ದು ವಾಕರಿಕೆ. ನಾನು ನಿಮ್ಮದೆಂದು ತಿಂದದ್ದು ಅವಳ ಎಂಜಲು. ಹಿತ್ತಲಿಗೆ ಓಡಿ ಕಾರಿದೆ. ಬೂದಿಯಿಂದ ಹಲ್ಲು ತಿಕ್ಕಿದೆ, ಬೇವಿನ ಕಡ್ಡಿಯಿಂದ ನಾಲಿಗೆ ಕೆರೆದು ರಕ್ತ ಬಂತು. ಮೂರು ದಿನದ ಹಿಂದೆ ಹೊಟ್ಟೆಗೆ ಹೋದದ್ದು ಎಲ್ಲಿ ಹೊರಗೆ ಬರುತ್ತದೆ? ಸಂಜೆ ನೀವು ಬಂದಾಗ ಕೇಳಿದೆ. ನೀವು ತಲೆ ಸಹ ತಗ್ಗಿಸಲಿಲ್ಲ. "ಗಂಡಸು ಅಂದಮ್ಯಾಲ ಇಂಥಾವು ಇರತಾವ. ನಿನಗೇನ ಕಡಿಮಿ ಮಾಡೇನಿ?" ಎಂದಿರಿ. ಎಂದು, ಆಗತಾನೆ ಇಳಿಸಿದ ಬಿಸ್ಕೀಟು ತೆಗೆದು ಚಹಾದಲ್ಲಿ ಅದ್ದಿ ಸೊರ್ ಎಂದು ಚೀಪಿದಿರಿ. ಆ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಮಾರನೆಯ ದಿನದ ಬಸ್ಸಿಗೆ ನಾನು ಇಲ್ಲಿಗೆ ಬಂದೆ.

ಅಂದಿನಿಂದ ಈ ಮನೆಯೊಳಗೆ ಸಂತ್ರಿ ಬಂದಿಲ್ಲ. ಸಂತೆಯಲ್ಲಿ ಅದರ ರಾಶಿ ಕಂಡರೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಆಚೆ ದಾಟುತ್ತೇನೆ. ಅಣ್ಣನ ಮಕ್ಕಳು ಯಾರದೋ ಮನೆಯಲ್ಲಿ ತಿಂದು ಬಂದರೆ ಕೈ ತೊಳೆಯದೆ ನನ್ನ ಹತ್ತಿರ ಬರುವುದಿಲ್ಲ.

ಕರೆವ್ವ ಮಳೆಗಾಲದಲ್ಲಿ ಕಾಮಣಿಯಾಗಿ, ಮೈಕಣ್ಣು ಹಳದಿಯಾಗಿ ತೀರಿಕೊಂಡಳೆಂದು ಅಮೀನಬಿ ಹೇಳಿದ್ದಾಳೆ. ನೀವು ಬರೆದಿಲ್ಲ. ನಾಡು ಒಂದಾದದ್ದಕ್ಕೆ ನಿಮಗೆ ನನ್ನ ನೆನಪಾಗಿಲ್ಲ, ಆ ಮನೆಯ ಒಲೆ ಆರಿದ್ದಕ್ಕೆ ಆಗಿದೆ. ಸತ್ತವಳನ್ನು ಬಯ್ಯಲಾರೆ. ಅವಳಿಗೂ ನೀವು ಎಂಥ ಸುಳ್ಳು ಹೇಳಿದ್ದಿರೋ ಯಾರು ಬಲ್ಲರು. ನಾಡಿನ ಮಾತು ಬೇರೆ. ಅದಕ್ಕಾಗಿ ಲಾಠಿ ತಿಂದವರಿದ್ದರು, ಜೈಲಿಗೆ ಹೋದವರಿದ್ದರು. ನೀವು ಒಂದು "ತಪ್ಪಾತು" ಎಂಬ ಮಾತನ್ನೂ ಬರೆದಿಲ್ಲ. ನಾನು ಬರುವುದಿಲ್ಲ. ಅಣ್ಣ ಇಟ್ಟುಕೊಳ್ಳದಿದ್ದರೆ ಬಸದಿಯ ಹಿಂದಿನ ಓಣಿಯಲ್ಲಿ ಒಂದು ಖೋಲಿ ನೋಡಿದ್ದೇನೆ, ಹೊಲಿಗೆ ಮಷೀನು ನನ್ನದೇ ಇದೆ. ಇನ್ನು ಮೇಲೆ ಪತ್ರ ಬರೆಯಬೇಡಿ.

ಇಂತಿ,
ನಿಮ್ಮವಳು ಎಂದು ಬರೆಯಲು ಕೈ ಒಲ್ಲದ
ಸಿದ್ದಲಿಂಗವ್ವ

ತಾ.ಕ. (ಬುಧವಾರ)

ಮೇಲಿನದನ್ನು ಮಡಿಸಿ ಇಟ್ಟಿದ್ದೆ. ಅಮೀನಬಿ ತವರಿಗೆಂದು ಇಲ್ಲಿಗೆ ಬಂದಿದ್ದಳು, ತಿರುಗಿ ಹೋಗುವಾಗ ಅವಳ ಕೈಯಲ್ಲಿ ಕಳಿಸಬೇಕೆಂದು ಕರೆದೆ. ಹೆಂಡತಿ ಬರದಿದ್ದರೂ ಬಿಸ್ಕೀಟು ಬೇಕಂತೆ ನೋಡು ಎಂದು ನಿಮ್ಮನ್ನು ಆಡಿಕೊಂಡು ನಕ್ಕೆ. ಅವಳು ನಗಲಿಲ್ಲ. "ಅವರಿಗಲ್ರಿ ಅವ್ವಾರ, ಆ ಕೂಸಿಗಿ" ಎಂದಳು.

ಯಾವ ಕೂಸು ಎಂದೆ. "ಮಕ್ಕಳಿಲ್ದವರ ಮುಂದ ಹೆಂಗ ಹೇಳಲಿ ಅಂತ ಇಷ್ಟ ದಿನಾ ನುಂಗಿಕೊಂಡಿದ್ನಿರಿ" ಎಂದು ಕಣ್ಣು ಒರೆಸಿಕೊಂಡಳು. ಕರೆವ್ವನ ಮಗಳಂತೆ, ನಿಮ್ಮ ಮಗಳಂತೆ. ಎಂಟು ವರ್ಷವಂತೆ. ತಾಯಿ ಹೋದಂದಿನಿಂದ ಸರಿಯಾಗಿ ಉಣ್ಣುವುದಿಲ್ಲವಂತೆ, ಅಪ್ಪ ತರುತ್ತಿದ್ದ ಆ ಬಿಸ್ಕೀಟು ಬೇಕು ಎಂದು ಹಟ ಮಾಡುತ್ತದಂತೆ. ಹೆಸರು ಕೇಳಿದೆ. ಶಂಕ್ರೆವ್ವ. ನಿಮ್ಮ ತಾಯಿ ತೀರಿದ ಮರುವರ್ಷವೇ ಅವರ ಹೆಸರು ಹೊತ್ತು ಒಂದು ಕೂಸು ಬೆಟಗೇರಿಯಲ್ಲಿ ಆಡುತ್ತಿತ್ತು. ಇತ್ತ ನಾನು ನಿಮ್ಮ ಮನೆಯಲ್ಲಿ ಬಂಜೆ ಎನಿಸಿಕೊಂಡು ಹರಕೆ ಹೊರುತ್ತಿದ್ದೆ.

ಆಮೇಲೆ ನನಗೆ ಆ ಅರ್ಧ ಬಿಸ್ಕೀಟಿನ ನಡುವೆ ನಿಂತಿದ್ದ ಮೊನೆ ನೆನಪಾಯಿತು. ನಾನು ಬಿಟ್ಟು ಬಂದ ವರ್ಷ, ದೀಪಾವಳಿಯ ಹೊತ್ತಿಗೆ, ಆ ಹುಡುಗಿಗೆ ಹಲ್ಲು ಬಿದ್ದಿತ್ತೇನು ಎಂದು ಕೇಳಿದೆ. "ನಿಮಗ ಹೆಂಗ ಗೊತ್ತರಿ? ಮುಂದಿನ ಹಲ್ಲ ಒಂದು ಬಿದ್ದಿತ್ತು. ಬಳಿ ತೊಡಸಾಕ ಹೋದ್ರ ಬಾಯಿ ಮುಚ್ಚಿಕೊಂಡು ನಗತಿತ್ತು" ಎಂದಳು. ಬೂದಿ ಹಾಕಿ ತಿಕ್ಕಿದ್ದು, ರಕ್ತ ಬರುವಂತೆ ಕೆರೆದದ್ದು, ಎರಡು ವರ್ಷ ಉಗುಳಿದ್ದು, ಒಂದು ಹಲ್ಲು ಬಿದ್ದ ಕೂಸಿನ ಎಂಜಲನ್ನು.

ನಿಮ್ಮ ಮೇಲಿನ ಹೇಸಿಗೆ ಇದರಿಂದ ಒಂದು ತೊಟ್ಟೂ ಇಳಿದಿಲ್ಲ, ಏರಿದೆ. ಹಸಿದ ಮಗುವನ್ನು ಜರೂರು ಎಂಬ ಮಾತಿನ ಹಿಂದೆ ಬಚ್ಚಿಟ್ಟು, ಮುಂದೆ ನಾಡನ್ನು ನಿಲ್ಲಿಸಿದಿರಿ. ನಾನು ನಿಮ್ಮ ಮನೆಗೆ ಬರುವುದಿಲ್ಲ, ಆ ಮಾತು ಮೇಲೆ ಬರೆದ ಹಾಗೆಯೇ ಇರಲಿ. ಆದರೆ ಮಾಡುವ ರೀತಿಯಲ್ಲಿ ಒಂದು ಮಾತನ್ನು ಹೊಡೆದುಹಾಕಿ. ಸಿಪ್ಪೆಯನ್ನು ಬಿಳಿಯ ಸಮೇತ ಅರೆದರೆ ಬಿಸ್ಕೀಟು ಬೇವಿನ ಹಾಗೆ ಕಹಿಯಾಗುತ್ತದೆ. ನಿಮ್ಮ ಬಾಯಿಗೆಂದು ಬೇಕೆಂದೇ ಬರೆದಿದ್ದೆ. ಹಣ್ಣನ್ನು ಸುಲಿಯುವ ಮೊದಲೇ ಮೇಲಿನ ಕೆಂಪನ್ನು ಮಾತ್ರ ಹಗುರಾಗಿ ಹೆರೆದು ಹಾಕಬೇಕು. ಬಿಳಿ ಕಂಡಲ್ಲಿ ಕೈ ನಿಲ್ಲಿಸಬೇಕು.

ನಿನ್ನೆ ಸಂತೆಯಿಂದ ಸಂತ್ರಿ ತಂದೆ. ಅತ್ತಿಗೆ ಬಾಯಿ ತೆರೆದು ನೋಡಿದಳು. ಹೆರೆಯುವಾಗ ಹೊಟ್ಟೆ ತೊಳಸುತ್ತದೆಂದು ಹಿತ್ತಲ ಬಾಗಿಲು ತೆಗೆದಿಟ್ಟುಕೊಂಡಿದ್ದೆ. ತೊಳಸಲಿಲ್ಲ. ಅಮೀನಬಿಯ ಬುಟ್ಟಿಯಲ್ಲಿ ಬಳೆಗಳ ನಡುವೆ ಒಂದು ಡಬ್ಬಿ ಬರುತ್ತಿದೆ. ಅದು ನಿಮಗಲ್ಲ. ಒಂದನ್ನೂ ಮುಟ್ಟಬೇಡಿ, ಚಹಾದಲ್ಲಿ ಅದ್ದಬೇಡಿ. ಅವಳಿಗೆ ಈ ಊರು ನೋಡುವ ಮನಸ್ಸಾದರೆ ಅಮೀನಬಿಯ ಜೊತೆ ಬಸ್ಸು ಹತ್ತಿಸಿ, ಖೋಲಿ ಇಬ್ಬರಿಗೆ ಸಾಲುವಷ್ಟಿದೆ.

ಅವಳು ಅರ್ಧ ಕಚ್ಚಿ ಬಿಟ್ಟರೆ ಎಸೆಯಬೇಡಿ, ಬಯ್ಯಬೇಡಿ. ಆ ಡಬ್ಬಿಯಲ್ಲಿಯೇ ಇಟ್ಟು ಕಳಿಸಿಕೊಡಿ. ಈ ಸಲ ಯಾರದೆಂದು ಗೊತ್ತಿದ್ದೇ ತಿನ್ನುತ್ತೇನೆ.

ಸಿ.